ಬಾಯಿಲ್ಲದ ಜೀವಕ್ಕೆ ಹೊಟ್ಟೆ ಕೆಟ್ಟಾಗ



ಮೊನ್ನೆ ಬೆಳಿಗ್ಗೆ ದೋಸೆ ಕಾವಲಿ ಒಲೆಯ ಮೇಲಿಟ್ಟಿದ್ದೆ ಅಷ್ಟೆ, ತಡಮೆಯ ಹತ್ತಿರ ನೆರೆಮನೆಯಾಕೆಯ ಸ್ವರ ಕೇಳಿತು.

"ಹ್ವಾಯ್ ಅಕ್ಕ, ನಮ್ಮ ರಾಜು ಬೆಳಿಗ್ಗಿಂದ ಬರೀ ವಾಂತಿ ಮಾಡ್ತಾ ಇತ್ತ್. ಎಂತ ಕೊಡ್ಲಿ?"

ರಾಜು ಅಂದರೆ ಅವರ ಮನೆಯ ಕಂದು ಬಣ್ಣದ ಊರುನಾಯಿ. ನಾಲ್ಕು ವರ್ಷದ ಗಟ್ಟಿ ಆಳು. "ಎಂತ ಕೊಡೂದು ಅಂತ ಮತ್ತೆ ಕಾಂಬ. ನಿನ್ನೆ ಎಂತ ತಿಂದಿತ್, ಅದ್ನ ಹೇಳು" ಅಂದೆ. ಆಕೆ ಒಂದು ಗಳಿಗೆ ಸುಮ್ಮನಾದಳು. ಹಿಂದಿನ ದಿನ ಅವರಲ್ಲಿ ಮಗಳ ಬಯಕೆ ಊಟ. ಮೂವತ್ತು ಎಲೆ ಎದ್ದಿತ್ತು. ಎಲೆಯ ತುದಿಯಲ್ಲಿ ಉಳಿದ ಕೋಳಿ ಸುಕ್ಕ, ಎಲುಬು, ಪಾಯಸ ಎಲ್ಲವೂ ಒಂದು ಬಾಲ್ದಿಗೆ ಬಿದ್ದಿತ್ತು. ಬಾಲ್ದಿ ಎಲ್ಲಿಗೆ ಹೋಯಿತು ಅಂತ ನಾನು ಕೇಳಬೇಕಾಗಿಯೇ ಇರಲಿಲ್ಲ.

ನಮ್ಮ ಬ್ರಹ್ಮಾವರ, ಬಾರ್ಕೂರು, ಕೋಟ, ಸಾಲಿಗ್ರಾಮದ ಕಡೆ ನಾಯಿ ಬೆಕ್ಕಿಲ್ಲದ ಮನೆ ಕಡಿಮೆ. ಅವುಗಳಿಗೆ ಹೊಟ್ಟೆ ಕೆಡುವುದೂ ಹೊಸತಲ್ಲ. ಹೆಚ್ಚಿನ ಸಲ ಅದು ತಾನಾಗಿಯೇ ಸರಿಹೋಗುತ್ತದೆ. ಆದರೆ ಕೆಲವು ಸಲ "ನಾಳೆ ಕಾಂಬ" ಅನ್ನುವಷ್ಟರಲ್ಲಿ ಜೀವವೇ ಹೋಗಿರುತ್ತದೆ. ಯಾವುದು ಒಂದು ದಿನ ಕಾಯುವಂಥದ್ದು, ಯಾವುದು ಒಂದು ಗಂಟೆಯೂ ಕಾಯಬಾರದ್ದು, ಇವೆರಡರ ವ್ಯತ್ಯಾಸ ತಿಳಿದಿದ್ದರೆ ಸಾಕು. ಈ ಸಲದ ಪತ್ರ ಅದಕ್ಕಾಗಿ.

ನನ್ನ ಕೈಯಾರೆ ಆದ ತಪ್ಪು

ಬುದ್ಧಿ ಹೇಳುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಹದಿನೈದು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಚಿಂಟಿ ಅಂತ ಒಂದು ಬಿಳಿ ಬೆಕ್ಕಿತ್ತು. ಆಸಾಡಿ ತಿಂಗಳ ಒಂದು ಸಂಜೆ ಅದು ಎರಡು ಸಲ ವಾಂತಿ ಮಾಡಿ, ಒಲೆಯ ಮೂಲೆಯಲ್ಲಿ ಮುದುಡಿ ಮಲಗಿತು. ಮುಟ್ಟಿದರೆ ಮೈ ಬಿಸಿ. ಹೊರಗೆ ಜಡಿಮಳೆ. ಅತ್ತೆ ಹೇಳಿದರು: "ನಮ್ಗ್ ಆಪುದ್ ಅದ್ಕೂ ಆತ್ತ್, ಒಂಚೂರ್ ಕೊಟ್ ಕಾಣ್." ಮಕ್ಕಳ ಜ್ವರಕ್ಕೆ ತಂದಿಟ್ಟ ಪ್ಯಾರಾಸಿಟಮಾಲ್ ಇತ್ತು. ಅರ್ಧ ಮಾತ್ರೆ ಪುಡಿಮಾಡಿ ಹಾಲಿನಲ್ಲಿ ಕಲಸಿ, ನಾನೇ ಬಾಯಿ ಬಿಡಿಸಿ ಕುಡಿಸಿದೆ. ಬೆಳಿಗ್ಗೆ ನೋಡುವಾಗ ಅದರ ಮುಖ ಊದಿಕೊಂಡಿತ್ತು, ವಸಡು ಕಾಫಿ ಬಣ್ಣಕ್ಕೆ ತಿರುಗಿತ್ತು, ಏದುಸಿರು ಬಿಡುತ್ತಿತ್ತು. ಪಶುವೈದ್ಯರು ಬಂದು "ಎಂತ ಕೊಟ್ಟಿರಿ?" ಅಂತ ಕೇಳಿದಾಗ ಹೇಳಲು ನನಗೆ ಬಾಯಿಯೇ ಬರಲಿಲ್ಲ. ಮಧ್ಯಾಹ್ನದೊಳಗೆ ಚಿಂಟಿ ಹೋಯಿತು.

ಆಮೇಲೆ ತಿಳಿದದ್ದು ಇಷ್ಟು. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ನಮ್ಮ ಪಿತ್ತಜನಕಾಂಗಕ್ಕೆ ಇರುವಂತೆ ಬೆಕ್ಕಿನದಕ್ಕೆ ಇಲ್ಲ. ಅದು ಅವುಗಳ ರಕ್ತವನ್ನೇ ಕೆಡಿಸಿ, ಪ್ರಾಣವಾಯು ಹೊರುವ ಶಕ್ತಿ ತೆಗೆದುಬಿಡುತ್ತದೆ. ನಮಗೆ ಮದ್ದು, ಅದಕ್ಕೆ ವಿಷ. ಕೂಡಲೇ ವೈದ್ಯರಲ್ಲಿಗೆ ಮುಟ್ಟಿಸಿದರೆ ಪ್ರತಿಮದ್ದು ಉಂಟು, ಆದರೆ ಅದು ಗಂಟೆಗಳ ಲೆಕ್ಕ. ನಾಯಿಗಳ ಕತೆಯೂ ಅಷ್ಟೇ. ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ನಾಯಿಯ ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಸುರಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಭೇದಿ ನಿಲ್ಲಿಸುವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಕೊಡಬಾರದು.

ಆದ್ದರಿಂದ ಅಕ್ಕಂದಿರೇ, ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ನಮ್ಮ ಮದ್ದಿನ ಡಬ್ಬಿ ಅವಕ್ಕಲ್ಲ.

ಪ್ರೀತಿಯಿಂದಲೇ ಬರುವ ಹೊಟ್ಟೆನೋವು

ಹೊಟ್ಟೆ ಕೆಡಲು ಅರ್ಧಕ್ಕರ್ಧ ಕಾರಣ ನಮ್ಮ ಕೈಯ ಧಾರಾಳ. ನಮ್ಮ ಊರಿನ ಅಡುಗೆಯಲ್ಲೇ ನೋಡಿ:

ಎಲುಬು: ಬೇಯಿಸಿದ ಕೋಳಿ ಎಲುಬು ಸೀಳಿ ಚೂಪಾಗುತ್ತದೆ. ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಬಂಗುಡೆಯ ನಡುಮುಳ್ಳೂ ಬೆಕ್ಕಿನ ಗಂಟಲಲ್ಲಿ ಸಿಕ್ಕಿಕೊಳ್ಳುವುದುಂಟು. ನಮಗೆ ಮುಳ್ಳು ಸಿಕ್ಕಿದಾಗ ಅನ್ನದ ಉಂಡೆ ನುಂಗುತ್ತೇವಲ್ಲ, ಹಾಗೆ ಅವಕ್ಕೆ ತುರುಕಲು ಹೋಗಬೇಡಿ.

ನೀರುಳ್ಳಿ, ಬೆಳ್ಳುಳ್ಳಿ: ಇವು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಇನ್ನೂ ಹೆಚ್ಚು ಕೇಡು. ಸುಕ್ಕ, ಗಸಿ, ಸಾರು ಎಲ್ಲದರಲ್ಲೂ ಇವು ಇದ್ದೇ ಇವೆ. "ಹುಳಕ್ಕೆ ಒಳ್ಳೆಯದು" ಅಂತ ಬೆಳ್ಳುಳ್ಳಿ ಜಜ್ಜಿ ತಿನ್ನಿಸುವ ರೂಢಿಯನ್ನೂ ಬಿಟ್ಟುಬಿಡಿ.

ಪಾಯಸ: ಇದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಒಂದು ನಾಯಿಗೆ ಏನೂ ಆಗದು, ಇನ್ನೊಂದಕ್ಕೆ ನಾಲ್ಕು ದ್ರಾಕ್ಷಿಗೇ ಆಪತ್ತು. ಯಾಕೆ ಹೀಗೆ ಅಂತ ಬಹಳ ಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಆ ಆಮ್ಲ ಹೇರಳವಾಗಿ ಇರುವ ಇನ್ನೊಂದು ವಸ್ತು ಯಾವುದು ಗೊತ್ತುಂಟಾ? ನಮ್ಮ ಹುಣಸೆಹುಳಿ. ಹುಳಿ ಹಿಂಡಿದ ಚರಟ, ಹುಳಿ ಮುಂದಾದ ಮೀನು ಸಾರು ನಾಯಿಯ ತಟ್ಟೆಗೆ ಹೋಗದಿರಲಿ.

ಹಾಲು: ಬೆಕ್ಕು ಅಂದರೆ ಹಾಲು ಅಂತ ನಮ್ಮ ಲೆಕ್ಕ. ಆದರೆ ದೊಡ್ಡದಾದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ದಿನಾ ಹಾಲು, ದಿನಾ ಭೇದಿ. ಹಾಲು ನಿಲ್ಲಿಸಿದರೆ ಎರಡು ದಿನದಲ್ಲಿ ಸರಿ.

ಒಣಮೀನು: ಜೂನ್ 1ರಿಂದ ಜುಲೈ 31ರ ತನಕ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಸಿಮೀನು ಅಪರೂಪ. ಆಗ ಬೆಕ್ಕಿಗೂ ಒಣಮೀನೇ ಗತಿ. ಅದರ ಉಪ್ಪಿಗೆ ವಾಂತಿ, ಬಾಯಾರಿಕೆ. ಕೊಡಲೇಬೇಕಾದರೆ ರಾತ್ರಿ ನೆನೆಹಾಕಿ, ನೀರು ಚೆಲ್ಲಿ, ಇನ್ನೊಮ್ಮೆ ಬೇಯಿಸಿ ಚೂರೇ ಚೂರು ಕೊಡಿ.

ಮಾವಿನ ಗೊರಟು: ನಾಯಿಗಳು ಆಡುತ್ತಾ ಆಡುತ್ತಾ ನುಂಗಿಬಿಡುತ್ತವೆ. ಅದು ಕರುಳಿಗೆ ಅಡ್ಡ ಕೂತರೆ ಶಸ್ತ್ರಕ್ರಿಯೆಯೇ ಬೇಕು. ಹಣ್ಣು ತಿಂದ ಮಕ್ಕಳಿಗೆ ಗೊರಟನ್ನು ಅಂಗಳಕ್ಕೆ ಎಸೆಯದಂತೆ ಹೇಳಿ.

ಒಂದು ದಿನ ಮನೆಯಲ್ಲೇ ನೋಡಬಹುದಾದ್ದು

ದೊಡ್ಡ ನಾಯಿ, ಒಂದೆರಡು ಸಲ ವಾಂತಿ ಅಥವಾ ಎರಡು ಮೂರು ಸಲ ತೆಳು ಭೇದಿ. ಆದರೆ ಕಣ್ಣು ಚುರುಕು, ಕರೆದರೆ ಬಾಲ ಆಡಿಸುತ್ತದೆ, ರಕ್ತ ಇಲ್ಲ, ವಿಷ ತಿಂದ ಅನುಮಾನ ಇಲ್ಲ. ಹೀಗಿದ್ದರೆ ಹೆದರಬೇಡಿ.

ವಾಂತಿ ಇದ್ದರೆ ಅರ್ಧ ದಿನ ಊಟ ಬೇಡ, ಹೊಟ್ಟೆಗೆ ವಿಶ್ರಾಂತಿ ಕೊಡಿ. ನೀರು ಮಾತ್ರ ಬೇಕೇ ಬೇಕು. ಒಂದೇ ಸಲ ದೊಡ್ಡ ಪಾತ್ರೆ ಇಟ್ಟರೆ ಗಟಗಟ ಕುಡಿದು ಪುನಃ ಕಕ್ಕುತ್ತದೆ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಇಡಿ. ತಾನಾಗಿ ನೆಕ್ಕಬೇಕು. ಬಾಯಿ ಬಿಡಿಸಿ ಹೊಯ್ದರೆ ಶ್ವಾಸಕೋಶಕ್ಕೆ ಹೋದೀತು. ಬರೀ ಭೇದಿಯಾದರೆ ಉಪವಾಸ ಬೇಡ, ಸಪ್ಪೆ ಊಟವನ್ನೇ ಸ್ವಲ್ಪ ಸ್ವಲ್ಪ ಕೊಡಿ.

ಒಂದು ಎಚ್ಚರಿಕೆ. ಈ ಉಪವಾಸ ಮರಿಗಳಿಗಲ್ಲ. ಮರಿ ಹಸಿದರೆ ರಕ್ತದ ಸಕ್ಕರೆ ಇಳಿದು ಕುಸಿದುಬೀಳುತ್ತದೆ. ಬೆಕ್ಕಿಗೂ ಅಲ್ಲ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ತಿನ್ನದೆ ಕೂತರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ಟರೆ ವೈದ್ಯರಿಗೆ ತೋರಿಸಿ.

ಮೈಯಲ್ಲಿ ನೀರು ಆರಿದೆಯೋ ಅಂತ ನೋಡುವುದು ಸುಲಭ. ಭುಜದ ಮೇಲಿನ ಚರ್ಮ ಮೆಲ್ಲ ಎತ್ತಿ ಬಿಡಿ. ಕೂಡಲೇ ಹಿಂದೆ ಹೋದರೆ ಒಳ್ಳೆಯದು, ಗುಡಾರದ ಹಾಗೆ ನಿಂತರೆ ಕೆಟ್ಟದು. ಮೇಲ್ದುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ. ಬಿಳುಪಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಸಡು ಒಣಗಿ ಅಂಟಂಟಾಗಿದ್ದರೂ ನೀರು ಕಡಿಮೆ ಅಂತ ಅರ್ಥ.

ಈಗ ಊಟದ ವಿಷಯ. ಈ ಪತ್ರಿಕೆಯಲ್ಲಿ ಮನುಷ್ಯರ ಅಡುಗೆ ಎಷ್ಟೋ ಬರುತ್ತದೆ, ಇವತ್ತು ರಾಜುವಿಗೆ ಮಾಡಿಕೊಟ್ಟದ್ದನ್ನೂ ಬರೆದುಕೊಳ್ಳಿ.

ಸಪ್ಪೆ ಗಂಜಿ

ಬೇಕಾಗುವ ಸಾಮಗ್ರಿ: ಬೆಳ್ತಿಗೆ ಅಕ್ಕಿ 1 ಲೋಟ, ಚರ್ಮ ಕೊಬ್ಬು ಎಲುಬು ತೆಗೆದ ಕೋಳಿಮಾಂಸ ಒಂದು ಹಿಡಿ, ನೀರು 5 ಲೋಟ.

ಮಾಡುವ ವಿಧಾನ: ಅಕ್ಕಿ ತೊಳೆದು ಮೆತ್ತಗೆ ಬೇಯಿಸಿ. ನಮ್ಮ ಕುಚ್ಚಲಕ್ಕಿ ಗಂಜಿಗಿಂತ ಈ ಹೊತ್ತಿನಲ್ಲಿ ಬೆಳ್ತಿಗೆಯೇ ಹೊಟ್ಟೆಗೆ ಹಗುರ. ಕೋಳಿಯನ್ನು ಬೇರೆ ಪಾತ್ರೆಯಲ್ಲಿ ಬರೀ ನೀರಿನಲ್ಲಿ ಬೇಯಿಸಿ, ನೀರು ಬಸಿದು, ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ. ಎರಡು ಪಾಲು ಅನ್ನಕ್ಕೆ ಒಂದು ಪಾಲು ಮಾಂಸ ಸೇರಿಸಿ ಕಲಸಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಅರಸಿನವೂ ಬೇಡ, ಒಗ್ಗರಣೆಯ ಮಾತೇ ಇಲ್ಲ. ಮಾಂಸ ತಾರದ ಮನೆಯವರು ಕೋಳಿಯ ಬದಲು ಎರಡು ಚಮಚ ಹುಳಿಯಿಲ್ಲದ ಮೊಸರು ಕಲಸಬಹುದು.

ಬಡಿಸುವ ಕ್ರಮ: ಮೊದಲು ಎರಡು ಚಮಚ. ಎರಡು ಗಂಟೆ ಹೊಟ್ಟೆಯಲ್ಲಿ ನಿಂತರೆ ಇನ್ನು ನಾಲ್ಕು ಚಮಚ. ಹೀಗೆ ದಿನಕ್ಕೆ ನಾಲ್ಕೈದು ಸಲ. ಎರಡು ದಿನ ಇದನ್ನೇ ಕೊಟ್ಟು, ಮತ್ತೆ ಎರಡು ಮೂರು ದಿನದಲ್ಲಿ ನಿಧಾನಕ್ಕೆ ಮಾಮೂಲು ಊಟ ಬೆರೆಸುತ್ತಾ ಬನ್ನಿ. ಹುಷಾರಾಯಿತು ಅಂತ ಮರುದಿನವೇ ಮೀನು ಸಾರು ಹಾಕಿದರೆ ಕತೆ ಮೊದಲಿನಿಂದ ಶುರು.

ಕಾಯಬಾರದ್ದು

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಗಂಜಿ ಗಿಂಜಿ ಅಂತ ಕೂರಬೇಡಿ. ರಿಕ್ಷಾ ಕರೆಸಿ, ವೈದ್ಯರಲ್ಲಿಗೆ ಹೊರಡಿ.

1. ಮರಿನಾಯಿಗೆ ವಾಂತಿಯ ಜತೆ ನಾರುವ ರಕ್ತಭೇದಿ. ಇದು ಹೆಚ್ಚಾಗಿ ಪಾರ್ವೋ. 1978ರ ಸುಮಾರಿಗೆ ಜಗತ್ತಿಗೆ ಮೊದಲು ಗೊತ್ತಾದ ಈ ವೈರಾಣು ರೋಗ ಈಗ ಎಲ್ಲ ಊರಿನಲ್ಲೂ ಉಂಟು. "ದೃಷ್ಟಿ ಆಯಿತು, ಹಲ್ಲು ಬರ್ತಾ ಉಂಟು" ಅಂತ ಮೂರು ದಿನ ಕಾದರೆ ಮರಿ ಉಳಿಯುವುದು ಅಪರೂಪ. ಮೊದಲ ದಿನವೇ ಡ್ರಿಪ್ ಹಾಕಿಸಿ ಶುಶ್ರೂಷೆ ಮಾಡಿದರೆ ಹೆಚ್ಚಿನವು ಬದುಕುತ್ತವೆ. ವ್ಯತ್ಯಾಸ ಆ ಮೂರು ದಿನದ್ದೇ.

2. ದೊಡ್ಡ ಜಾತಿಯ ನಾಯಿ ಕಕ್ಕಲು ನೋಡುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ಡೋಲಿನ ಹಾಗೆ ಉಬ್ಬುತ್ತದೆ. ಜಠರ ತಿರುಚಿಕೊಂಡಿರಬಹುದು. ಇದು ಕೆಲವೇ ಗಂಟೆಗಳ ಆಟ.

3. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕುತ್ತದೆ, ಕೂಗುತ್ತದೆ. ನಾವು "ಮಲಬದ್ಧತೆ" ಅಂತ ಹರಳೆಣ್ಣೆ ಹುಡುಕುತ್ತೇವೆ. ನಿಜವಾಗಿ ಕಟ್ಟಿರುವುದು ಹೆಚ್ಚಿನ ಸಲ ಮೂತ್ರ. ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ನೆಲ ಒದ್ದೆಯಾಗಿದೆಯೋ ನೋಡಿ. ಆಗಿಲ್ಲವಾದರೆ ಕೂಡಲೇ ಹೊರಡಿ.

4. ವಾಂತಿ, ನಿತ್ರಾಣ, ಜತೆಗೆ ವಸಡು, ಕಣ್ಣಿನ ಬಿಳಿ ಭಾಗ ಹಳದಿ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಇಲಿಜ್ವರ ಮನುಷ್ಯರಿಗೂ ಬರುತ್ತದೆ, ನಾಯಿಗೂ ಬರುತ್ತದೆ. ನಾಯಿಯ ಮೂತ್ರದಿಂದ ನಮಗೂ ಹರಡಬಹುದು. ಬರಿಗೈಯಲ್ಲಿ ಒರೆಸಬೇಡಿ.

5. ಇಲಿ ಪಾಷಾಣ, ತೋಟದಲ್ಲಿ ಬಸವನಹುಳಕ್ಕೆ ಹಾಕಿದ ಮದ್ದಿನ ಕಾಳು ತಿಂದ ಅನುಮಾನ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಮದ್ದಿನ ಪೊಟ್ಟಣವನ್ನು ಜತೆಗೆ ಒಯ್ಯಿರಿ.

6. ಬಾಯಿಯಿಂದ ಒಂದೇ ಸವನೆ ಜೊಲ್ಲು, ನುಂಗಲು ಆಗದು, ಸ್ವರ ಬದಲಾಗಿದೆ, ದವಡೆ ಜೋತಿದೆ. "ಎಲುಬು ಸಿಕ್ಕಿರಬೇಕು" ಅಂತ ಬಾಯಿಗೆ ಕೈ ಹಾಕಲೇಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು. ಮಕ್ಕಳನ್ನು ದೂರ ಇಟ್ಟು ವೈದ್ಯರನ್ನು ಕರೆಸಿ. ಜೊಲ್ಲು ಕೈಯ ಗಾಯಕ್ಕೆ ತಾಗಿದ್ದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಿರಿ.

ಇವು ಯಾವುವೂ ಅಲ್ಲದಿದ್ದರೂ, ಒಂದು ದಿನ ಕಳೆದು ವಾಂತಿ ಭೇದಿ ನಿಲ್ಲದಿದ್ದರೆ ಮನೆಮದ್ದು ಸಾಕು ಮಾಡಿ. ವೈದ್ಯರಲ್ಲಿಗೆ ಹೋಗುವಾಗ ಏನು ತಿಂದಿತು, ಎಷ್ಟು ಹೊತ್ತಿಗೆ, ಎಷ್ಟು ಸಲ ವಾಂತಿ, ಯಾವ ಬಣ್ಣ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನೀವು ಏನಾದರೂ ಮದ್ದು ಕೊಟ್ಟಿದ್ದರೆ ನಾಚಿಕೆಪಡದೆ ಮೊದಲು ಅದನ್ನೇ ಹೇಳಿ. ನಾನು ಆ ದಿನ ಸುಮ್ಮನೆ ನಿಂತ ಹಾಗೆ ನೀವು ನಿಲ್ಲಬೇಡಿ.

ಹಟ್ಟಿಯ ದನವನ್ನೂ ಮರೆಯಬೇಡಿ

ಬಾಲ್ದಿಯ ಮಾತು ಬಂದಾಗ ಹಟ್ಟಿಯನ್ನೂ ನೆನೆಯಬೇಕು. ಮದುವೆ, ಉಪನಯನ, ಹಬ್ಬ ಕಳೆದ ಮರುದಿನ ಉಳಿದ ಅನ್ನ ಪಾಯಸವನ್ನು "ಪುಣ್ಯ ಬರಲಿ" ಅಂತ ದನಕ್ಕೆ ಸುರಿಯುತ್ತೇವೆ. ದಿನಾ ಒಂದು ಚೆಂಬು ಅಕ್ಕಚ್ಚು ಬೇರೆ, ಒಮ್ಮೆಲೇ ಒಂದು ಕೊಳದಪ್ಪಲೆ ಅನ್ನ ಬೇರೆ. ದನದ ಹೊಟ್ಟೆ ಹುಲ್ಲಿಗಾಗಿ ಇರುವುದು. ಅಷ್ಟು ಅನ್ನ ಬಿದ್ದರೆ ಒಳಗೆ ಹುಳಿಯೆದ್ದು ಆಮ್ಲ ತುಂಬುತ್ತದೆ. ದನ ಮೆಲುಕು ಬಿಡುತ್ತದೆ, ಹಲ್ಲು ಕಡಿಯುತ್ತದೆ, ನೀರಿನಂತೆ ಭೇದಿಯಾಗುತ್ತದೆ, ಕೊನೆಗೆ ಏಳದೆ ಮಲಗುತ್ತದೆ. ಹಲಸಿನ ಹಣ್ಣಿನ ಕಾಲದಲ್ಲಿ ಮರದಡಿ ಬಿದ್ದದ್ದನ್ನು ಹೊಟ್ಟೆಬಿರಿಯ ತಿಂದರೂ ಇದೇ ಪಾಡು. ಮೆಲುಕು ನಿಂತ ದನಕ್ಕೆ ತಡಮಾಡದೆ 1962ಕ್ಕೆ ಫೋನು ಮಾಡಿ. ಅದು ಪಶು ಸಂಚಾರಿ ಚಿಕಿತ್ಸೆಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಮೊದಲೇ ಮಾಡಿಡುವ ಕೆಲಸ

ಮರಿ ತಂದರೆ ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ. ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ. ಮತ್ತೆ ವರ್ಷಕ್ಕೆ ಒಂದು. "ಒಂದು ಸೂಜಿ ಆಯ್ತಲ್ಲ" ಅಂತ ನಿಲ್ಲಿಸುವುದೇ ಹೆಚ್ಚಿನ ಮನೆಯ ತಪ್ಪು. ಪಾರ್ವೋ, ಇಲಿಜ್ವರ, ರೇಬೀಸ್ ಮೂರಕ್ಕೂ ಲಸಿಕೆ ಉಂಟು.

ಹುಳದ ಮದ್ದು ಎರಡು ವಾರದ ಮರಿಯಿಂದಲೇ ಶುರು, ತೂಕ ನೋಡಿ ವೈದ್ಯರು ಹೇಳಿದಷ್ಟು. ದೊಡ್ಡವಕ್ಕೆ ಮೂರು ತಿಂಗಳಿಗೊಮ್ಮೆ. ಇದು ಅವಕ್ಕೆ ಮಾತ್ರ ಅಲ್ಲ, ಅಂಗಳದಲ್ಲಿ ಬರಿಗಾಲಲ್ಲಿ ಆಡುವ ನಮ್ಮ ಮಕ್ಕಳಿಗೂ ರಕ್ಷಣೆ. ಆ ಹುಳುಗಳು ಮಣ್ಣಿನಿಂದ ಅವರ ಮೈಗೂ ಸೇರುತ್ತವೆ.

ಪಾರ್ವೋ ಬಂದ ಮನೆಯ ಮಣ್ಣಿನಲ್ಲಿ ಆ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಸೇರಿಸಿ ನೆಲ, ತಟ್ಟೆ ತೊಳೆಯಿರಿ. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬೇಡ. ಪಾದಕ್ಕೆ ತಾಗಿದ್ದನ್ನು ನೆಕ್ಕಿಕೊಂಡರೆ ಅದಕ್ಕೆ ವಿಷ.

ಹೇಳಲು ಮರೆತೆ, ರಾಜು ಹುಷಾರಾದ. ಮಧ್ಯಾಹ್ನದ ತನಕ ಉಪವಾಸ, ಸಂಜೆಗೆ ಎರಡು ಚಮಚ ಗಂಜಿ, ಮರುದಿನ ತಡಮೆ ಹಾರಿ ನಮ್ಮ ಅಂಗಳಕ್ಕೇ ಬಂದ. ಎಲುಬು ಚುಚ್ಚದೆ ಹೊರಗೆ ಹೋದದ್ದು, ಪಾಯಸದ ದ್ರಾಕ್ಷಿ ಕೇಡು ಮಾಡದಿದ್ದದ್ದು ಅವನ ಅದೃಷ್ಟ. ಮುಂದಿನ ಊಟದ ದಿನ ಬಾಲ್ದಿಯನ್ನು ನೇರ ತೆಂಗಿನ ಬುಡಕ್ಕೆ ಕೊಂಡುಹೋಗಿ ಮಣ್ಣು ಮುಚ್ಚುತ್ತೇನೆ ಅಂತ ಅವನ ಯಜಮಾನಿ ಮಾತು ಕೊಟ್ಟಿದ್ದಾಳೆ.

ಚಿಂಟಿಯನ್ನು ನಮ್ಮ ಕರಿಬೇವಿನ ಗಿಡದ ಬುಡದಲ್ಲಿ ಇಟ್ಟಿದ್ದೇವೆ. ಇವತ್ತಿಗೂ ಒಗ್ಗರಣೆಗೆ ಎಲೆ ಕೊಯ್ಯಲು ಹೋದಾಗ ಆ ಅರ್ಧ ಮಾತ್ರೆ ನೆನಪಾಗುತ್ತದೆ. ನಿಮ್ಮ ಮನೆಯ ಬೆಕ್ಕಿಗೆ ಆ ಗತಿ ಬರುವುದು ಬೇಡ. ಊರಿನ ಪಶುವೈದ್ಯರ ನಂಬರು ಮತ್ತು 1962 ಅನ್ನು ಒಂದು ಚೀಟಿಯಲ್ಲಿ ಬರೆದು ಇವತ್ತೇ ಅಡುಗೆಮನೆಯ ಗೋಡೆಗೆ ಅಂಟಿಸಿ. ಮದ್ದಿನ ಡಬ್ಬಿ ಇಡುವ ಕಪಾಟಿನ ಬಾಗಿಲಿಗೇ ಅಂಟಿಸಿದರೆ ಇನ್ನೂ ಒಳ್ಳೆಯದು.

ಬರ್ತೇನೆ. ಮುಂದಿನ ಸಂಚಿಕೆಯಲ್ಲಿ ಪುನಃ ಕಾಂಬ.